ನಿಮ್ಮ ವಾಸ್ತವ್ಯ ಹೇಗಿತ್ತು?

ತೊಟ್ಟಿಮನೆಯನ್ನು ಹೊಗಳುವವರಲ್ಲಿ ಅದರ ತೊಟ್ಟಿಯನ್ನು ಒಂದು ದಿನವಾದರೂ ತೊಳೆದವರು ಸಿಗುವುದಿಲ್ಲ. ಈ ಮಾತು ನನ್ನದಲ್ಲ, ನನ್ನ ಹೆಂಡತಿಯದು. ನಾನು ಹೊಗಳುವವರ ಗುಂಪಿನವನು. ಕಂಬ, ಹಜಾರ, ನಡುವೆ ಚೌಕಾಕಾರದ ಆಕಾಶ ಎಂದು ಯಾರಾದರೂ ಶುರು ಮಾಡಿದರೆ ಸಾಕು, ಹೊಳೆನರಸೀಪುರದ ಹತ್ತಿರದ ನಮ್ಮ ಹಳ್ಳಿಯ ಮನೆ ನೆನಪಾಗಿ ನನ್ನ ಗಂಟಲು ಕಟ್ಟುತ್ತದೆ. ಅವಳು ಅದೇ ಮನೆಗೆ ಸೊಸೆಯಾಗಿ ಬಂದವಳು. ಅವಳಿಗೆ ನೆನಪಾಗುವುದು ಸೊಂಟನೋವು. ಕತ್ತಲಿರುವಾಗಲೇ ಎದ್ದು ತೊಟ್ಟಿಗೆ ಇಳಿದು, ರಾತ್ರಿ ಉದುರಿದ ಎಲೆ, ಪಾರಿವಾಳದ ಪುಕ್ಕ, ಮಕ್ಕಳು ಉಗುಳಿದ ನೇರಳೆ ಬೀಜ ಎಲ್ಲವನ್ನೂ ಬಳಿದು, ಕೊಡಗಟ್ಟಲೆ ನೀರು ಸುರಿದು, ಕಡ್ಡಿಪೊರಕೆಯಿಂದ ಆ ನೀರನ್ನು ಮೋರಿಯತ್ತ ತಳ್ಳಿ, ಕೊನೆಗೆ ರಂಗೋಲಿ. ಹಜಾರದ ಮಂಚದ ಮೇಲೆ ಮಲಗಿದ್ದ ನನಗೆ ಆ ಪೊರಕೆಯ ಸದ್ದು ಸಂಗೀತವಾಗಿತ್ತು. ಹಾಗೆಂದು ಒಮ್ಮೆ ಅವಳೆದುರು ಅಂದೂಬಿಟ್ಟಿದ್ದೆ. ಆ ವಾರ ಕಾಫಿಗೆ ಸಕ್ಕರೆ ಕಡಿಮೆ ಬಿತ್ತು.

ಹೀಗಿರುವಾಗ, ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗನ ಮದುವೆ ತಿರುಚಿರಾಪಳ್ಳಿಯಲ್ಲಿ ಬಂತು. ಮದುವೆ ಮುಗಿದ ಮೇಲೆ ಒಂದೆರಡು ದಿನ ಅಲ್ಲೇ ಸುತ್ತಾಡಿಕೊಂಡು ಬನ್ನಿ, ಖರ್ಚು ನಮ್ಮದು ಎಂದಳು ಮಗಳು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ಆಯ್ಕೆಗಳನ್ನು ಇಟ್ಟಳು. ಒಂದು, ತಿರುಚಿಯ ಹೊಸ ನಕ್ಷತ್ರದ ಹೋಟೆಲು: ಇಡೀ ಗಾಜು, ಮಹಡಿ ಮೇಲೆ ಮಹಡಿ, ಈಜುಕೊಳ. ಇನ್ನೊಂದು, ಅಲ್ಲಿಂದ ಎರಡು ಗಂಟೆ ದಾರಿ, ಚೆಟ್ಟಿನಾಡಿನ ಕಾನಾಡುಕಾತ್ತಾನ್ ಎಂಬ ಊರಿನಲ್ಲಿ ಹಳೆಯ ಶೆಟ್ಟರ ಬಂಗಲೆಯೊಂದನ್ನು ತಿದ್ದಿ ಮಾಡಿದ ತೊಟ್ಟಿಯ ಹೋಟೆಲು. ನಾನು ತೊಟ್ಟಿಗೆ ವೋಟು ಹಾಕಿದೆ, ಹೆಂಡತಿ ಗಾಜಿಗೆ. ಬರುವವನೇ ಅಲ್ಲದ ಮೊಮ್ಮಗ ಈಜುಕೊಳಕ್ಕೆ ಹಾಕಿದ. ಅಮೆರಿಕದ ಮಗ ಎರಡಕ್ಕೂ ಹೆಬ್ಬೆರಳು ಎತ್ತಿ ಮಲಗಿದ. ನಮ್ಮ ಸಂಸಾರದ ಮಿಕ್ಕೆಲ್ಲ ತೀರ್ಮಾನಗಳ ಹಾಗೆ ಇದೂ ಅರ್ಧರ್ಧ ಆಯಿತು: ಮೊದಲು ಅವಳದು, ಆಮೇಲೆ ನನ್ನದು.

ಗಾಜಿನ ಹೋಟೆಲಿನ ಬಗ್ಗೆ ವ್ಯಂಗ್ಯವಾಡುವುದು ಸುಲಭ, ಆಡದೆ ಇರುವುದು ಕಷ್ಟ. ಕೋಣೆಯ ಬಾಗಿಲಿಗೆ ಕಾರ್ಡು ತೋರಿಸಿದರೆ ಹಸಿರು ದೀಪ, ಆ ಕಾರ್ಡನ್ನು ಗೋಡೆಗೆ ಸಿಕ್ಕಿಸಿದರೆ ದೀಪಗಳೆಲ್ಲ ಒಟ್ಟಿಗೆ. ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ಪರದೆ ತಾನಾಗಿ ಸರಿದು ಕಾವೇರಿ ಸೀಮೆಯ ಬಿಸಿಲು ಒಳಗೆ ನುಗ್ಗುತ್ತಿತ್ತು, ಅದನ್ನು ಮತ್ತೆ ಮುಚ್ಚುವ ಗುಂಡಿ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಆದರೆ ನಮ್ಮನ್ನು ನಿಜವಾಗಿ ಕಂಗೆಡಿಸಿದ್ದು ಬಚ್ಚಲು. ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ಇದ್ದದ್ದು ಗೋಡೆಯಲ್ಲ, ನೆಲದಿಂದ ಸೂರಿನವರೆಗೆ ಒಂದು ಗಾಜು. ಇಷ್ಟು ಬಾಡಿಗೆ ತೆಗೆದುಕೊಂಡು ಒಂದು ಇಟ್ಟಿಗೆ ಗೋಡೆ ಹಾಕಿಸಲು ಇವರಿಗೇನು ಬಂದಿತ್ತು ಎಂದು ನಾನು ಗಾಜನ್ನು ತಟ್ಟಿ ನೋಡುತ್ತಾ ನಿಂತಿದ್ದೆ. ಹೆಂಡತಿ ಏನೂ ಮಾತಾಡದೆ ಮದುವೆಗೆ ಉಟ್ಟಿದ್ದ ಮೈಸೂರು ಸಿಲ್ಕ್ ಸೀರೆಯನ್ನು ತೆಗೆದು, ಮೇಲಿನ ಸ್ಟೀಲ್ ಸರಳಿಗೆ ಎರಡು ಮಡಿಕೆಯಾಗಿ ಇಳಿಬಿಟ್ಟು, ಕೆಳಗೆ ಹಾರದಂತೆ ನನ್ನ ಎರಡು ಚಪ್ಪಲಿ ಇಟ್ಟಳು. ನಲವತ್ತು ಜನ ಬಂದುಹೋಗುವ ತೊಟ್ಟಿಮನೆಯಲ್ಲಿ ಹೊಸ ಸೊಸೆಯಾಗಿ ಮರೆ ಹುಡುಕುವುದನ್ನು ಕಲಿತವಳಿಗೆ ಈ ಗಾಜು ಯಾವ ಲೆಕ್ಕ?

ಮರುದಿನ ಬೆಳಿಗ್ಗೆ ಎದ್ದಾಗ ಅವಳು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕಾಲು ಮೇಲಿಟ್ಟು ಕೂತಿದ್ದಳು. ಸ್ನಾನವಾಗಿರಲಿಲ್ಲ, ಹಾಸಿಗೆ ಮಡಿಸಿರಲಿಲ್ಲ, ಕಾಫಿಗೆ ಫೋನು ಮಾಡಿ ಹೇಳಿದ್ದಳು. “ಏನು ಮಾಡ್ತಿದ್ದೀಯ?” ಅಂದೆ. “ಏನೂ ಇಲ್ಲ” ಎಂದಳು. ಆ “ಏನೂ ಇಲ್ಲ”ವನ್ನು ಅವಳು ಹೇಳಿದ ರೀತಿ ನೋಡಿ ನನಗೆ ಗಾಜಿನ ಹೋಟೆಲಿನ ಮೇಲಿದ್ದ ಅರ್ಧ ಕೋಪ ಇಳಿಯಿತು. ನಾನು ಕಂಡ ಅವಳ ಬೆಳಗುಗಳಲ್ಲೆಲ್ಲ ಏನಾದರೊಂದು ಇದ್ದೇ ಇತ್ತು.

ಹೊರಡುವಾಗ ಕೌಂಟರಿನ ಹುಡುಗ ಕೋಟಿನ ಗುಂಡಿ ಸರಿಮಾಡಿಕೊಂಡು, ಕೈಯಲ್ಲಿ ಟ್ಯಾಬ್ ಹಿಡಿದು, “ನಿಮ್ಮ ವಾಸ್ತವ್ಯ ಹೇಗಿತ್ತು ಮೇಡಂ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೆಂಡತಿ ಐದು ನಕ್ಷತ್ರವನ್ನೂ ಒತ್ತಿದಳು. ಪರದೆಯ ಗುಂಡಿ, ಗಾಜಿನ ಬಚ್ಚಲು ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಮೊಣಕೈ ತಿವಿದು, “ಸುಮ್ನಿರಿ, ಪಾಪ, ಅವನ ನೌಕರಿ” ಎಂದಳು.

ಕಾನಾಡುಕಾತ್ತಾನಿನ ದಾರಿಯಲ್ಲಿ ಹೇಳಿಕೊಳ್ಳುವಂಥ ನೋಟವಿಲ್ಲ. ಒಣ ಸೀಮೆ, ಕುರುಚಲು, ಅಲ್ಲೊಂದು ಇಲ್ಲೊಂದು ಕೆರೆ. ಇಂಥ ಬರಡು ನೆಲದಲ್ಲಿ ಅರಮನೆ ಕಟ್ಟುವ ಹುಚ್ಚು ಯಾರಿಗೆ ಹತ್ತಿತು ಎಂದು ಯೋಚಿಸುತ್ತಿರುವಾಗಲೇ ಒಂದು ಓಣಿ ತಿರುಗುತ್ತದೆ, ಎದುರಿಗೆ ಬೀದಿಯುದ್ದಕ್ಕೂ ಅರಮನೆಗಳು. ಶಿವಗಂಗೆ, ಪುದುಕೋಟೆ ಜಿಲ್ಲೆಗಳ 70ಕ್ಕೂ ಹೆಚ್ಚು ಊರುಗಳಲ್ಲಿ ಇಂಥ ಸಾವಿರಾರು ಮನೆಗಳಿವೆ. ಕಟ್ಟಿದವರು ನಾಟ್ಟುಕೋಟ್ಟೈ ಚೆಟ್ಟಿಯಾರರು. ನಾನು ಬ್ಯಾಂಕಿನಲ್ಲಿ ಸವೆದವನಾದ್ದರಿಂದ ಇವರ ಹೆಸರು ಹಳೆಯ ಪರಿಚಯ. ಬರ್ಮಾ, ಸಿಲೋನು, ಮಲಯಗಳಲ್ಲಿ ಲೇವಾದೇವಿ ಮಾಡಿ, ಐರಾವತಿ ನದಿಯ ಬಯಲಿನ ಭತ್ತದ ಬೇಸಾಯಕ್ಕೆ ಸಾಲ ಕೊಟ್ಟವರು. ಇಂಡಿಯನ್ ಓವರ್‌ಸೀಸ್ ಬ್ಯಾಂಕು 1937ರಲ್ಲಿ ಕಾರೈಕುಡಿ, ಮದ್ರಾಸು, ರಂಗೂನು ಮೂರೂ ಕಡೆ ಒಂದೇ ದಿನ ಬಾಗಿಲು ತೆರೆದದ್ದು ಇವರ ಬಳಗದ ಚಿದಂಬರಂ ಚೆಟ್ಟಿಯಾರರಿಂದ. ದುಡಿದದ್ದೆಲ್ಲ ಅಲ್ಲಿ, ಮನೆ ಮಾತ್ರ ಇಲ್ಲಿ. ಬರ್ಮಾದ ತೇಗದ ಕಂಬ, ಇಟಲಿಯ ಅಮೃತಶಿಲೆ, ಬೆಲ್ಜಿಯಂನ ಕನ್ನಡಿ ಎಲ್ಲ ಹಡಗಿನಲ್ಲಿ ಬಂದು ಈ ಬರಡಿನಲ್ಲಿ ನಿಂತವು. 1942ರಲ್ಲಿ ಜಪಾನಿ ಸೈನ್ಯ ಬರ್ಮಾಕ್ಕೆ ನುಗ್ಗಿದಾಗ ಎಷ್ಟೋ ಮಂದಿ ಲೆಕ್ಕದ ಪುಸ್ತಕಗಳನ್ನು ಅಲ್ಲೇ ಬಿಟ್ಟು ಬಂದರು. ವಸೂಲಾಗದ ಸಾಲ ಎಂದರೆ ಏನೆಂದು ನನಗೆ ಗೊತ್ತು, ಒಂದು ದೇಶಕ್ಕೆ ದೇಶವೇ ವಸೂಲಾಗದ ಸಾಲವಾಗುವುದನ್ನು ಊಹಿಸಲಾರೆ. ಮನೆಗಳು ಉಳಿದವು. ಅವನ್ನು ಗುಡಿಸುವಷ್ಟು ಆದಾಯ ಉಳಿಯಲಿಲ್ಲ.

ಹಾಗೆ ಉಳಿದವುಗಳಲ್ಲಿ ಕೆಲವು ಈಗ ಹೋಟೆಲುಗಳು. ನಾವಿಳಿದ ಮನೆ ಈ ಬೀದಿಯಲ್ಲಿ ಶುರುವಾಗಿ ಹಿಂದಿನ ಬೀದಿಯಲ್ಲಿ ಮುಗಿಯುತ್ತಿತ್ತು. ಮುಂಬಾಗಿಲ ಹೊಸ್ತಿಲ ಮೇಲೆ ನಿಂತರೆ ಬಾಗಿಲ ಹಿಂದೆ ಬಾಗಿಲು, ತೊಟ್ಟಿಯ ಹಿಂದೆ ತೊಟ್ಟಿ, ಎಲ್ಲ ಒಂದೇ ಗೆರೆಯಲ್ಲಿ ಸರಿದು, ಕೊಟ್ಟಕೊನೆಯಲ್ಲಿ ಹಿತ್ತಿಲ ಬಾಗಿಲಿನ ಬೆಳಕು ಅಂಗೈಯಗಲ ಕಾಣುತ್ತದೆ. ಮೊದಲ ತೊಟ್ಟಿ ಮದುವೆ ಮುಂಜಿಗೆ, ಗಂಡಸರ ವ್ಯವಹಾರಕ್ಕೆ. ಕೊನೆಯದು ಅಡುಗೆಗೆ, ಹೆಂಗಸರಿಗೆ. ಗೋಡೆಗಳಿಗೆ ಮೊಟ್ಟೆಯ ಬಿಳಿ ಸೇರಿಸಿದ ಸುಣ್ಣದ ಗಾರೆ, ಈಗಲೂ ಕೈಯಾಡಿಸಿದರೆ ಜಾರುವಷ್ಟು ನುಣುಪು. ನೆಲಕ್ಕೆ ಪಕ್ಕದ ಆತ್ತಂಗುಡಿಯ ಹಾಸುಬಿಲ್ಲೆ. ಅದನ್ನು ಮಾಡುವುದನ್ನೂ ಹೋಗಿ ನೋಡಿದೆವು. ಒಬ್ಬಾತ ಗಾಜಿನ ತುಂಡಿನ ಮೇಲೆ ಅಚ್ಚು ಇಟ್ಟು, ಅದರ ಖಾನೆಗಳಿಗೆ ಬಣ್ಣದ ಸಿಮೆಂಟನ್ನು ಸೌಟಿನಿಂದ ಹೊಯ್ದು, ಅಚ್ಚನ್ನು ಮೆಲ್ಲಗೆ ಎತ್ತಿದ. ಬಣ್ಣಗಳು ಒಂದಕ್ಕೊಂದು ಕಲೆಯದೆ ನಿಂತವು. ಮೇಲೆ ಒಣ ಮರಳು ಸಿಮೆಂಟು ಉದುರಿಸಿ, ಹಸಿ ಗಾರೆ ಮೆತ್ತಿ ಪಕ್ಕಕ್ಕಿಟ್ಟ. ಆಮೇಲೆ ಅದು ನೀರಿನ ತೊಟ್ಟಿಯಲ್ಲಿ ನೆನೆದು, ಒಣಗಿ, ಗಾಜಿನಿಂದ ಬಿಡಿಸಿಕೊಂಡಾಗ ಗಾಜಿನದೇ ಹೊಳಪು ಹೊತ್ತು ಬರುತ್ತದೆ. ಸುಡುವ ಮಾತೇ ಇಲ್ಲ. ಹೆಂಡತಿ ಗಮನವಿಟ್ಟು ನೋಡಿ, “ಇದನ್ನ ಒರೆಸಿದಷ್ಟೂ ಹೊಳಪು ಬರುತ್ತಂತೆ” ಎಂದಳು. ಸ್ವಲ್ಪ ತಡೆದು, “ಒರೆಸೋರು ಬೇಕು” ಎಂದು ಸೇರಿಸಿದಳು.

ತೊಟ್ಟಿಯ ಸುತ್ತ ಸಾಲಾಗಿ ಕೋಣೆಗಳು. ಒಬ್ಬೊಬ್ಬ ಮದುವೆಯಾದ ಮಗನಿಗೆ ಒಂದೊಂದು. ಸೂರು ಒಂದೇ ಆದರೂ ಒಲೆ ಮಾತ್ರ ಬೇರೆ ಬೇರೆ! ಮದುವೆಯಾದ ಕೆಲದಿನಕ್ಕೇ ಪಾತ್ರೆಪಡಗ, ಅಕ್ಕಿಬೇಳೆ ಕೊಟ್ಟು ಮಗ ಸೊಸೆಯಿಂದ ಅದೇ ಮನೆಯೊಳಗೆ ಬೇರೆ ಒಲೆ ಹೂಡಿಸುವುದು ಈ ಶೆಟ್ಟರ ಪದ್ಧತಿ. ದೇವಸ್ಥಾನದ ಲೆಕ್ಕದಲ್ಲೂ ಗಂಡಹೆಂಡಿರ ಪ್ರತಿ ಜೋಡಿ ಒಂದೊಂದು “ಪುಳ್ಳಿ”. ಒಂದೇ ಒಲೆಯ ಮುಂದೆ ಐದು ಜನ ಸೊಸೆಯರು ಹುಳಿಗೆ ಉಪ್ಪು ಎಷ್ಟು ಎಂದು ಮೂವತ್ತು ವರ್ಷ ಯುದ್ಧ ಮಾಡಿದ ಮನೆಯಿಂದ ಬಂದ ನಾವು ಇದನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮದು ಒಂದೇ ಒಲೆ, ಅದೇ ನಮ್ಮ ಹೆಮ್ಮೆ. ಆ ಹೆಮ್ಮೆಯ ಮನೆ ನಮ್ಮ ಕಣ್ಣೆದುರೇ ಭಾಗವಾಯಿತು. ಇಲ್ಲಿ ಒಲೆಗಳು ಮೊದಲೇ ಭಾಗವಾಗಿದ್ದವು, ಮನೆ ಇಡಿಯಾಗಿ ಉಳಿಯಿತು. ಎಷ್ಟೋ ಮನೆಗಳಿಗೆ ಈಗ ಹತ್ತಾರು ಹಕ್ಕುದಾರರು. ಒಡೆಯಲಾಗದೆ, ಮಾರಲಾಗದೆ ಬೀಗ ಹಾಕಿಟ್ಟು, ಮದುವೆಗೋ ಹಬ್ಬಕ್ಕೋ ಬಂದು ತೆಗೆಯುತ್ತಾರೆ.

ನಮ್ಮ ಭಾಗದ ಗೋಡೆ ಸರಿಯಾಗಿ ತೊಟ್ಟಿಯ ನಡುವೆಯೇ ಎದ್ದಿತ್ತು. ಅಮೀನರು ಹಗ್ಗ ಹಿಡಿದು ಅಳೆದು, ದೊಡ್ಡಪ್ಪನ ಮಕ್ಕಳಿಗೆ ಮೂಡಣದ ಅರ್ಧ, ನಮಗೆ ಪಡುವಣದ ಅರ್ಧ ಎಂದರು. ಆಕಾಶಕ್ಕೂ ಪಾಲು. ಸೂರ್ಯ ಹುಟ್ಟುವುದು ಅವರ ಕಡೆ, ಮುಳುಗುವುದು ನಮ್ಮ ಕಡೆ. ಅರ್ಧ ತೊಟ್ಟಿ ಎಂದರೆ ಅದು ತೊಟ್ಟಿಯಲ್ಲ, ಬಾವಿ. ಮಳೆಗಾಲದಲ್ಲಿ ಎರಡು ಸೂರಿನ ನೀರು ಒಂದೇ ಮೋರಿಗೆ ಬಂದು ಜಗಳವಾಗಿ, ಅವರು ತಗಡು ಹೊದಿಸಿದರು. ನಾವು ಮರುವರ್ಷ ಮೋಲ್ಡ್ ಹಾಕಿಸಿದೆವು. ಆಮೇಲೆ ಹಗಲಲ್ಲೂ ದೀಪ ಹಾಕಬೇಕಾಯಿತು. ಅಷ್ಟರಲ್ಲಿ ದೊಡ್ಡತ್ತೆ ಹೋಗಿಬಿಟ್ಟಿದ್ದಳು, ಅದೊಂದು ಪುಣ್ಯ.

ದೊಡ್ಡತ್ತೆ ನಮ್ಮಪ್ಪನ ಅಕ್ಕ. ಹದಿಮೂರಕ್ಕೆ ಮದುವೆ, ಹದಿನಾರಕ್ಕೆ ತವರಿಗೆ ವಾಪಸು, ಕೆಂಪು ಸೀರೆ, ತಲೆಯ ಮೇಲೆ ಸದಾ ಸೆರಗು. ಆಮೇಲೆ ಅವಳು ಮುಂಬಾಗಿಲು ದಾಟಿದ್ದು ಅಪರೂಪ. ಅವಳ ಹೊರಗು ಎಂದರೆ ತೊಟ್ಟಿಯೇ. ಅಲ್ಲೇ ನಿಂತು ತಲೆಯೆತ್ತಿ, “ಇನ್ನೊಂದು ಗಳಿಗೆಗೆ ಬರುತ್ತೆ, ಹಪ್ಪಳ ತೆಗೀರೇ” ಎನ್ನುವಳು, ಬರುತ್ತಿತ್ತು. ಬಿಸಿಲು ಮೂರನೆಯ ಕಂಬದ ಬುಡಕ್ಕೆ ಬಂತೆಂದರೆ ಮಕ್ಕಳು ಸ್ಕೂಲಿನಿಂದ ಬರುವ ಹೊತ್ತೆಂದು ಅವಲಕ್ಕಿ ಕಲೆಸಲು ಹೋಗುವಳು. ಒಮ್ಮೆ ನಮ್ಮೂರ ಮೇಲೆ ವಿಮಾನ ಹಾರಿತು. ಮೊದಲು ಕಂಡದ್ದು ಅವಳಿಗೆ. “ಬನ್ರೋ, ಬನ್ರೋ” ಎಂದು ಮನೆಯೆಲ್ಲ ಕೂಗಿದಳು. ನಾವು ಓಡಿ ಬರುವಷ್ಟರಲ್ಲಿ ಅದು ತೊಟ್ಟಿಯ ಈ ಸೂರಿನಿಂದ ಆ ಸೂರಿಗೆ ದಾಟಿಯಾಗಿತ್ತು. ನಾವೆಲ್ಲ ಹೋ ಎಂದು ಬೀದಿಗೆ ನುಗ್ಗಿ, ಅದು ಹೇಮಾವತಿಯ ಆಚೆಗೆ ಚುಕ್ಕಿಯಾಗುವವರೆಗೂ ನೋಡಿದೆವು. ಒಳಗೆ ಬಂದು, “ದೊಡ್ಡತ್ತೆ, ನೀನೂ ಬರಬಾರದಿತ್ತಾ, ಎಷ್ಟು ಹೊತ್ತು ಕಾಣ್ತಿತ್ತು ಗೊತ್ತಾ” ಎಂದರೆ, ತೊಟ್ಟಿಯ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ, “ನನ್ನ ಪಾಲಿಂದು ನಾನು ನೋಡಿದೆ ಕಣ್ರೋ” ಎಂದಳು. ಆ ಮಾತು ಆಗ ತಮಾಷೆಯಾಗಿತ್ತು. ಬಹಳ ದಿನ ಅವಳನ್ನು ಅಣಕಿಸಿ ನಕ್ಕೆವು, ಅವಳೂ ನಕ್ಕಳು.

ಚೆಟ್ಟಿನಾಡಿನ ತೊಟ್ಟಿಯ ಕಂಬಕ್ಕೆ ಒರಗಿ ಕೂತು ನಾನು ಆಕಾಶವನ್ನು ನೋಡಿದೆ. ಪಕ್ಕದಲ್ಲಿ ಫ್ರಾನ್ಸಿನಿಂದ ಬಂದಿದ್ದ ದಂಪತಿ ಅದೇ ಆಕಾಶದ ಫೋಟೊ ತೆಗೆಯುತ್ತಿದ್ದರು. ಚೆನ್ನಾಗಿಯೇ ಇತ್ತು. ಸಂಜೆಯಾಗುತ್ತಲೇ ಸುತ್ತಲೂ ದೀಪ ಹಚ್ಚಿ, ಕವುಣಿ ಅರಿಸಿ ಎಂಬ ಕಪ್ಪಕ್ಕಿಯ ಸಿಹಿಯನ್ನು ಪುಟ್ಟ ಬಟ್ಟಲಲ್ಲಿ ತಂದಿಟ್ಟರು. ಅದೂ ಬರ್ಮಾದಿಂದ ಬಂದ ರುಚಿಯಂತೆ. ಯಾರೂ ಯಾರನ್ನೂ ಕೂಗುತ್ತಿರಲಿಲ್ಲ, ಮಗು ಅಳುತ್ತಿರಲಿಲ್ಲ, ಹಪ್ಪಳ ಒಣಗುತ್ತಿರಲಿಲ್ಲ, ಯಾರ ಮೇಲೋ ಯಾರೋ ಮುನಿಸಿಕೊಂಡು ಅಟ್ಟ ಹತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇಷ್ಟು ನಿಶ್ಶಬ್ದವಾಗಿದ್ದದ್ದು ಸಾವಿನ ಮನೆಯಾದ ದಿನ ಮಾತ್ರ. ಹಣ ಕೊಟ್ಟರೆ ತೊಟ್ಟಿ ಸಿಗುತ್ತದೆ, ಜೊತೆಗೆ ಐದು ಜನ ಸೊಸೆಯರನ್ನೂ ಹನ್ನೊಂದು ಮಕ್ಕಳನ್ನೂ ಕಳಿಸಿ ಎಂದು ಯಾವ ರೂಂ ಸರ್ವಿಸ್ಸಿಗೆ ಹೇಳುವುದು? ಕಳಿಸಿದ್ದರೆ ಮರುಬೆಳಿಗ್ಗೆಯೇ ನಾನು ಗಾಜಿನ ಹೋಟೆಲಿಗೆ ಓಡುತ್ತಿದ್ದೆ, ಅದು ಬೇರೆ ಮಾತು.

ಮರುದಿನ ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳ ಬೀದಿಗೆ ಹೋದೆವು. ಬಿದ್ದ ಮನೆಗಳೆಲ್ಲ ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ: ಗಜಲಕ್ಷ್ಮಿ ಕೆತ್ತಿದ ಬಾಗಿಲುವಾಡ, ಇನಾಮಲ್ ಡಬ್ಬಿ, ಯಾರದೋ ಮದುವೆಯ ಫೋಟೊ, ಗೋಡೆಗೆ ಒರಗಿಸಿಟ್ಟ ಕಂಬಗಳು. ನಮ್ಮ ಮನೆಯ ಕಂಬಗಳನ್ನೂ ಕೊನೆಗೆ ಒಬ್ಬ ವ್ಯಾಪಾರಿ ಲಾರಿಯಲ್ಲಿ ತುಂಬಿಕೊಂಡು ಹೋಗಿದ್ದ. ಯಾವುದೋ ರೆಸಾರ್ಟಿಗಂತೆ. ನಾನು ಒಂದೊಂದೇ ಕಂಬದ ಬುಡವನ್ನು ಸವರುತ್ತಾ ನಡೆದೆ. ದೊಡ್ಡಣ್ಣ ಮೊಳೆಯಿಂದ ಕೆತ್ತಿದ ಅವನ ಇನಿಷಿಯಲ್ಲು ಎಲ್ಲಾದರೂ ಸಿಕ್ಕೀತು ಎಂಬ ಆಸೆ. “ಬನ್ನಿ ಅತ್ಲಾಗೆ” ಎಂದಳು ಹೆಂಡತಿ. “ಇವು ತೇಗದವು. ನಮ್ಮವು ಹಲಸು. ಇಷ್ಟು ವರ್ಷ ಒರಗಿ ಕೂತಿರಲ್ಲ, ಮರ ಯಾವುದು ಅಂತಾನೂ ನೋಡ್ಲಿಲ್ವಾ?”

ಮಧ್ಯಾಹ್ನ ಊಟವಾದ ಮೇಲೆ ಅವಳು ಕಾಣಲಿಲ್ಲ. ಹುಡುಕುತ್ತಾ ಒಂದೊಂದೇ ತೊಟ್ಟಿ ದಾಟಿ ಹಿಂದಿನದಕ್ಕೆ ಹೋದರೆ, ಅಡುಗೆಯ ಹೆಂಗಸಿನ ಜೊತೆ ನೆಲದ ಮೇಲೆ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಆಕೆಗೆ ಕನ್ನಡ ಬಾರದು, ಇವಳಿಗೆ ಬರುವ ತಮಿಳು ಸೊಪ್ಪಿನವಳಿಂದ ಕಲಿತದ್ದು. ಆದರೂ ಅಷ್ಟರಲ್ಲೇ ಆಕೆಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ನರ್ಸ್ ಓದುತ್ತಿರುವುದು, ಗಂಡ ತಿರುಪ್ಪೂರಿನಲ್ಲಿರುವುದು, ಪಣಿಯಾರದ ಹಿಟ್ಟಿಗೆ ಉದ್ದು ಎಷ್ಟು ಎಂಬುದು ಎಲ್ಲ ತಿಳಿದುಕೊಂಡಾಗಿತ್ತು. ಒಬ್ಬರಿಗೊಬ್ಬರು “ಅಕ್ಕಾ”, “ಅಕ್ಕಾ” ಎನ್ನುತ್ತಿದ್ದರು. ನಾನು ಕಂಬದ ಪಕ್ಕ ಕೂರಲು ಹೋದೆ. “ನೀವು ಮುಂದಿನ ತೊಟ್ಟಿಗೆ ಹೋಗಿ” ಎಂದಳು ಹೆಂಡತಿ. “ಇಲ್ಲೇನಿದೆ ನಿಮಗೆ?” ತೊಟ್ಟಿಮನೆಯ ಪದ್ಧತಿಗಳನ್ನೆಲ್ಲ ಹೊಗಳಿದವನು ಎದುರಾಡುವಂತಿರಲಿಲ್ಲ, ಎದ್ದು ಹೋದೆ.

ಮುಂದೆ ಹೋಗಿ ಕೂತಾಗ ಯಾಕೋ ಗಾಜಿನ ಹೋಟೆಲಿನ ಹುಡುಗ ನೆನಪಾದ. ಒಂದು ರಾತ್ರಿ ಮಲಗಿ ಎದ್ದು ಹೊರಟವರನ್ನು ಎಷ್ಟು ಕಾಳಜಿಯಿಂದ ಕೇಳಿದ್ದ. ದೊಡ್ಡತ್ತೆ ನಮ್ಮ ತೊಟ್ಟಿಯಲ್ಲಿ ಅರವತ್ತು ವರ್ಷ ಇದ್ದಳು. ಅವಳು ಕೋಣೆ ಖಾಲಿ ಮಾಡುವಾಗ ಮನೆ ತುಂಬ ನಾವಿದ್ದೆವು. ನೀರು ಬೇಕಾ ಎಂದು ಕೇಳಿದೆವು, ಗಂಗಾಜಲ ಎಲ್ಲಿ ಎಂದು ಕೇಳಿದೆವು. ಇಷ್ಟು ವರ್ಷ ಇದ್ದೆಯಲ್ಲ, ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಏನೆನ್ನುತ್ತಿದ್ದಳೋ. ಮಗುವಿನ ಪ್ರಶ್ನೆ ಕೇಳಿದವಳ ಹಾಗೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು ಅನ್ನಿಸುತ್ತದೆ. ಅಥವಾ ನಗುತ್ತಿರಲಿಲ್ಲವೇನೋ.

ಹೊರಡುವ ದಿನ ಮ್ಯಾನೇಜರು ಟ್ಯಾಬ್ ತರಲಿಲ್ಲ. ಬಟ್ಟೆಯ ರಟ್ಟು ಹಾಕಿದ ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಬಂದವರೆಲ್ಲ ಅದರಲ್ಲಿ ನಾಲ್ಕು ಸಾಲು ಬರೆದು ಹೋಗುವುದು ವಾಡಿಕೆ. ಫ್ರೆಂಚು, ಜರ್ಮನ್, ಇಂಗ್ಲಿಷು, ತಮಿಳು, ಎಲ್ಲದರಲ್ಲೂ ಆಶ್ಚರ್ಯಸೂಚಕ ಚಿಹ್ನೆಗಳು. ನಾನು ಪೆನ್ನಿನ ಮುಚ್ಚಳ ತೆಗೆದು ತಕ್ಕ ಮಾತಿಗೆ ಹುಡುಕುತ್ತಿರುವಾಗ ಹೆಂಡತಿ, “ಇಲ್ಲಿ ಕೊಡಿ” ಎಂದು ಪೆನ್ನು ಕಸಿದುಕೊಂಡು, ಕನ್ನಡಕ ಏರಿಸಿ, ಅರ್ಧ ಪುಟ ಕನ್ನಡದಲ್ಲಿ ಬರೆದಳು. ಮ್ಯಾನೇಜರು ಅಕ್ಷರಗಳನ್ನು ಮೆಚ್ಚಿಕೊಂಡು ನೋಡಿ, ಏನು ಬರೆದಿದ್ದಾರೆ ಎಂದು ನನ್ನನ್ನು ಕೇಳಿದರು. ಓದಿದೆ.

“ತೊಟ್ಟಿಯ ಮೋರಿಗೆ ಜಾಲರಿ ಇಲ್ಲ. ಎಲೆ ಕಟ್ಟಿಕೊಂಡು ಮಳೆಗಾಲದಲ್ಲಿ ನೀರು ನಿಲ್ಲುತ್ತೆ, ಹಾಕಿಸಿ. ಹಿಂದೆ ಅಡುಗೆ ಮಾಡುವ ಅಕ್ಕನಿಗೆ ಮಂಡಿನೋವು. ನೆಲದ ಮೇಲೆ ಕೂತು ಕೆಲಸ ಮಾಡುವುದು ನೋಡೋರಿಗೆ ಚೆಂದ, ಅವರಿಗೆ ಕಷ್ಟ. ಒಂದು ಎತ್ತರದ ಸ್ಟೂಲು, ಅದಕ್ಕೆ ಸರಿಯಾಗಿ ಒಂದು ಮೇಜು ಕೊಡಿ. ಮಧ್ಯಾಹ್ನ ಒಂದು ಗಂಟೆ ಅವರಿಗೆ ಮಲಗಲು ಬಿಡಿ. ಊಟ ತುಂಬಾ ಚೆನ್ನಾಗಿತ್ತು.”

“ಊಟ ತುಂಬಾ ಚೆನ್ನಾಗಿತ್ತಂತೆ” ಎಂದೆ ಮ್ಯಾನೇಜರಿಗೆ, ಇಂಗ್ಲಿಷಿನಲ್ಲಿ. ಹೆಂಡತಿಗೆ ಅಷ್ಟು ಇಂಗ್ಲಿಷು ಚೆನ್ನಾಗಿ ಅರ್ಥವಾಗುತ್ತದೆ. “ಮೇಲಿಂದ ಹೇಳಿ” ಎಂದಳು. ಮೇಲಿಂದ ಹೇಳಿದೆ. ಮ್ಯಾನೇಜರು ಬಿಲ್ಲಿನ ಕಾರ್ಬನ್ ಪ್ರತಿಯನ್ನು ಮಗುಚಿ ಅದರ ಹಿಂದೆ ಬರೆದುಕೊಂಡರು. ಸ್ಟೂಲಿನ ಎತ್ತರ ಎಷ್ಟಿರಬೇಕು ಎಂದು ಕೇಳಿದರು. ಅವಳು ಕೈಚೀಲವನ್ನು ಕೆಳಗಿಟ್ಟು, ನೆಲದಿಂದ ತನ್ನ ಮಂಡಿಯವರೆಗೆ ಗೇಣು ಹಾಕಿ ಅಳೆಯತೊಡಗಿದಳು.